ಮಿಸಾಳ ಕೈಗೆ ಬೀಗದಕೈ ಕೊಡಬೇಡಿ

ನೆತಾನ್ಯಾ
3 ಜನವರಿ 1996

ಪ್ರೀತಿಯ ದಿಯಮಾಂತಿನಾ ದೊಡ್ಡಮ್ಮನಿಗೆ,

ಫೋನಿನಲ್ಲಿ ನಾನು ಎಷ್ಟು ಕೂಗಿಕೊಂಡರೂ ನೀವು "ಚೆನ್ನಾಗಿದೀನಿ, ನೀನು ಊಟ ಮಾಡಿದ್ಯಾ" ಎಂದು ಕೇಳಿ ಇಟ್ಟುಬಿಡುತ್ತೀರಿ. ನಿಮ್ಮ ಕಿವಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಸಲದ ವಿಷಯ ಊಟದ್ದಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೋದ ವಾರ ಅಮ್ಮನ ವರ್ಷದ ಪ್ರಾರ್ಥನೆ ಆಯಿತು. ಲಿಬಿಯಾದ ಬೆಂಗಾಜಿಯಿಂದ ಬಂದ ನಮ್ಮವರು ಮನೆ ತುಂಬ ಸೇರಿದ್ದರು. ಬೀರುವಿನ ಬೀಗದಕೈ ಸಿಗದೆ ನಾನು ಹುಡುಕಾಡುತ್ತಿದ್ದಾಗ ಯಾರೋ ಅಭ್ಯಾಸಬಲದಿಂದ ಅಮ್ಮನ ಮೇಲಿನ ಹಳೆಯ ತಮಾಷೆ ತೆಗೆದು, "ಮಿಸಾ ಕೈಗೆ ಕೊಟ್ಟಿದ್ರೇನೋ" ಅಂದುಬಿಟ್ಟರು. ಎಲ್ಲರೂ ನಕ್ಕರು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಹಿಲಾಳ ತರಗತಿಯಲ್ಲಿ ಅಜ್ಜ ಅಜ್ಜಿಯರು ನಾಜಿಗಳ ಯಹೂದಿ ಹತ್ಯಾಕಾಂಡದಿಂದ ಹೇಗೆ ಉಳಿದು ಬಂದರು ಎಂದು ಬರೆದು ತರಲು ಹೇಳಿದ್ದರು. ಇವಳು ಬರೆದುಕೊಂಡು ಹೋದಳು: ನನ್ನ ಅಜ್ಜಿ ಮಿಸಾ ಒಂಬತ್ತು ವರ್ಷದವಳಿದ್ದಾಗ ಲಿಬಿಯಾದಲ್ಲಿ ಇಟಲಿಯವರು ಯಹೂದಿಗಳನ್ನು ಕೂಡಿಹಾಕಿದ್ದ ಜಾದೋ ಶಿಬಿರದಲ್ಲಿದ್ದಳು. ಟೀಚರ್ ಓದಿ, ತಲೆ ಸವರಿ, "ಇದು ಬೇರೆ ಪುಟ್ಟಾ. ನಾವು ಮಾತಾಡ್ತಿರೋದು ಹತ್ಯಾಕಾಂಡದ್ದು, ಆಫ್ರಿಕಾದ್ದಲ್ಲ" ಎಂದರಂತೆ. ಕೆಟ್ಟ ಹೆಂಗಸಲ್ಲ ಆಕೆ. ಗೊತ್ತಿಲ್ಲ, ಅಷ್ಟೇ. ಆದರೆ ಹಿಲಾ ಮನೆಗೆ ಬಂದು, "ಅಜ್ಜಿ ಸುಳ್ಳು ಹೇಳ್ತಿದ್ಲಾ ಅಮ್ಮಾ?" ಅಂತ ಕೇಳಿದಳು.

ಗ್ರಂಥಾಲಯ ನೋಡಿಕೊಳ್ಳುವವಳು ನಾನೇ ತಾನೆ. ಮಾರನೆಯ ದಿನ ನಮ್ಮಲ್ಲಿ ಆ ವಿಷಯಕ್ಕಿರುವ ಆರು ಕಪಾಟುಗಳ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಜಾದೋ ಎಂಬ ಹೆಸರು ಎರಡು ಕಡೆ ಸಿಕ್ಕಿತು, ಎರಡೂ ಅಡಿಟಿಪ್ಪಣಿ. ನನಗೆ ತಡೆಯಲಾಗಲಿಲ್ಲ. ಬಡಾವಣೆಯ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಸೇರಿ ಚಹಾ ಕುಡಿದು ಜಗಳವಾಡುವ ನಮ್ಮ ಬೆಂಗಾಜಿ ಅಜ್ಜಿ ತಾತಂದಿರನ್ನು ಕೂರಿಸಿಕೊಂಡು, "ನಾಟಕ ಮಾಡೋಣ್ವಾ?" ಎಂದೆ. ಏಳು ಜನ ಅಜ್ಜಿಯರು, ಇಬ್ಬರು ತಾತಂದಿರು ಒಪ್ಪಿದ್ದಾರೆ. ಹತ್ಯಾಕಾಂಡದ ಸ್ಮರಣೆಯ ದಿನದ ಹಿಂದಿನ ಸಂಜೆ, ಏಪ್ರಿಲ್ ಹದಿನೈದಕ್ಕೆ ಪ್ರದರ್ಶನ.

ಅಮ್ಮ ನನಗೆ ಹೇಳಿದ್ದು ಒಂದೇ ಕಥೆ, ಬೀಗದಕೈ ಕಳೆದುಕೊಂಡದ್ದು. ಉಳಿದದ್ದೆಲ್ಲ ಕೇಳಿದರೆ "ಹೇನು ಇತ್ತು, ಚಳಿ ಇತ್ತು" ಎಂದು ಎದ್ದು ಹೋಗುತ್ತಿದ್ದಳು. ನೀವು ಆಗ ಹದಿನಾಲ್ಕರವರು. ಎಲ್ಲ ನೆನಪಿರುತ್ತದೆ. ಬರೆದು ಕಳಿಸುತ್ತೀರಾ? ನಿಮ್ಮನ್ನು ಬಿಟ್ಟರೆ ಈ ಮನೆತನದಲ್ಲಿ ಕೇಳಲು ಇನ್ನು ಯಾರೂ ಉಳಿದಿಲ್ಲ.

ನಿಮ್ಮ
ಯಾರ್ದೇನಾ


ರೋಮ್
17 ಜನವರಿ 1996

ಚಿರಂಜೀವಿ ಯಾರ್ದೇನಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅಕ್ಷರ ನಿನ್ನ ಅಮ್ಮನದರಂತೆಯೇ, ಸಾಲು ಮೇಲಕ್ಕೆ ಹತ್ತಿಕೊಂಡು ಹೋಗುತ್ತದೆ. ಹಿಲಾಳಿಗೆ ಹೇಳು, ಅಜ್ಜಿ ಸುಳ್ಳು ಹೇಳಲಿಲ್ಲ. ಟೀಚರೂ ಸುಳ್ಳು ಹೇಳಲಿಲ್ಲ.

ನನ್ನ ಪಕ್ಕದ ಮನೆಯ ಎಲ್ವೀರಾಳ ವಿಷಯ ನಿನಗೆ ಬರೆದಿದ್ದೆನೋ ಇಲ್ಲವೋ. ಈ ಊರಿನ ಯಹೂದಿಯೇ, ತಲೆತಲಾಂತರದಿಂದ. ಯುದ್ಧಕಾಲದ ಒಂದು ಅಕ್ಟೋಬರ್ ಶನಿವಾರ ಬೆಳಿಗ್ಗೆ ಅವಳು ಹಾಲಿನ ಸಾಲಿನಲ್ಲಿ ನಿಂತಿದ್ದಾಗ ನಾಜಿಗಳು ಮನೆಯಿಂದ ಅಪ್ಪ, ಅಮ್ಮ, ಮೂವರು ತಮ್ಮಂದಿರನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಒಬ್ಬರೂ ಮರಳಲಿಲ್ಲ. ಅವಳು ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಅದನ್ನು ಹೇಳುತ್ತಾಳೆ. ಮಂಡಿನೋವು, ಒಬ್ಬಳೇ ಬಸ್ ಹತ್ತಲಾರಳು. ನಾನು ಅವಳ ಚೀಲ, ನೀರಿನ ಬಾಟಲಿ, ಫೋಟೊಗಳ ಲಕೋಟೆ ಹಿಡಿದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಹತ್ತು ವರ್ಷದಿಂದ ಇದೇ ನನ್ನ ಸೇವೆ. "ಇವರು ಯಾರು?" ಎಂದು ಮಕ್ಕಳು ಕೇಳಿದರೆ "ನನ್ನ ಗೆಳತಿ, ಚೀಲ ಹಿಡಿಯೋಳು" ಎನ್ನುತ್ತಾಳೆ. ಅಷ್ಟು ನನಗೆ ಸಾಕು. ಅವಳ ಪಕ್ಕದಲ್ಲಿ ನಿಂತು, ನನಗೂ ಕಷ್ಟವಿತ್ತು ಎಂದು ಬಾಯಿ ಬಿಡಲು ನನಗೆ ನಾಚಿಕೆಯಾಗುತ್ತದೆ. ನಾವು ಮರಳಿ ಬಂದೆವಲ್ಲ. ಒಬ್ಬನನ್ನು ಬಿಟ್ಟು.

ನಾಟಕಕ್ಕೆ ಬೇರೆ ಏನಾದರೂ ಹುಡುಕು. ಮದುವೆಯ ನಾಟಕ ಮಾಡು, ಆ ಅಜ್ಜಿಯರಿಗೆ ಹಾಡಲು ಬರುತ್ತದೆ.

ಕಳೆದ ಸಲ ಮೀನಿನ ಸಾರು ನೀರುನೀರಾಯಿತು ಎಂದಿದ್ದೆ. ಟೊಮೆಟೊ ಹಾಕಬೇಡ. ಮೆಣಸಿನಪುಡಿಯನ್ನು ಎಣ್ಣೆಯಲ್ಲಿ ತಾಳ್ಮೆಯಿಂದ ಹುರಿ. ನಿನಗೆ ತಾಳ್ಮೆ ಇಲ್ಲ, ಅದೇ ತೊಂದರೆ.

ನಿನ್ನ ದೊಡ್ಡಮ್ಮ
ದಿಯಮಾಂತಿನಾ


ನೆತಾನ್ಯಾ
29 ಜನವರಿ 1996

ಪ್ರೀತಿಯ ದೊಡ್ಡಮ್ಮ,

ಟೊಮೆಟೊ ಬಿಟ್ಟೆ. ನಾಟಕ ಬಿಡಲಿಲ್ಲ.

ನೀವು ಹೇಳದಿದ್ದರೆ ನಾನೇ ಬರೆಯುತ್ತೇನೆ ಎಂದು ಕೂತು ಬರೆದೇಬಿಟ್ಟೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮೂರೇ ದೃಶ್ಯ. ಮೊದಲನೆಯದು ಬೆಂಗಾಜಿಯ ಮನೆಯಲ್ಲಿ ಹಿಟ್ಟು ಕಲೆಸುವ ಕೊನೆಯ ಬಿಸೀಸಾ ಸಂಜೆ. ಎರಡನೆಯದು ಜಾದೋ, ಪುಟ್ಟ ಖಲಾಫೋ ಮಾವ ಜ್ವರದಲ್ಲಿ ತೀರಿಕೊಳ್ಳುವುದು. ಮೂರನೆಯದು ಮರಳಿ ಬಂದು ಮನೆಯ ಬಾಗಿಲ ಮುಂದೆ ನಿಂತಾಗ ಅಮ್ಮನ ಸೊಂಟದಲ್ಲಿದ್ದ ಬೀಗದಕೈ ಇಲ್ಲದಿರುವುದು. ಅಳು ತುಂಬಿದ ಎರಡು ದೃಶ್ಯಗಳ ನಂತರ ಜನಕ್ಕೆ ಸ್ವಲ್ಪ ನಗು ಬೇಡವೇ?

ಪಾತ್ರಗಳು ನಾಲ್ಕೇ: ಅಜ್ಜ, ಅಜ್ಜಿ, ಒಂಬತ್ತು ವರ್ಷದ ಮಿಸಾ, ಐದು ವರ್ಷದ ಖಲಾಫೋ. ನಿಮ್ಮ ಪಾತ್ರ ಇಟ್ಟಿಲ್ಲ. ನೀವೇ ಬೇಡ ಎಂದಿರಿ, ಜೊತೆಗೆ ನಿಮ್ಮಷ್ಟು ಚೂಪಾದ ನಾಲಗೆಯ ನಟಿ ನಮ್ಮಲ್ಲಿಲ್ಲ. ಮಿಸಾ ಆಗುವವರು ಎಪ್ಪತ್ತು ವರ್ಷದ ಗಜಾಲಾ ಅಜ್ಜಿ. ತಲೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಕುಣಿಯುತ್ತಾ ಬರುತ್ತಾರೆ. ಅಜ್ಜನ ಪಾತ್ರಕ್ಕೆ ನಿಸ್ಸೀಮ್ ತಾತ, ಖಲಾಫೋ ಆಗಿ ಮಲಗಲು ಹಿಲಾ.

ಇನ್ನೊಂದು ಕೆಲಸವನ್ನೂ ತಲೆಯ ಮೇಲೆ ಹಾಕಿಕೊಂಡಿದ್ದೇನೆ. ಹದಿನೆಂಟು ವರ್ಷದ ಹಿಂದೆ ನಮ್ಮವರೇ ಕೆಲವರು ಮನೆಮನೆಗೆ ಹೋಗಿ ಜಾದೋದಲ್ಲಿ ಸತ್ತವರ ಬಗ್ಗೆ ಒಂದೊಂದು ಹಾಳೆ ತುಂಬಿಸಿಕೊಂಡಿದ್ದರಂತೆ. ಆ ಹಾಳೆಗಳು ಭವನದ ಅಟ್ಟದಲ್ಲಿ ಚಪ್ಪಲಿಯ ಡಬ್ಬಗಳಲ್ಲಿ ಬಿದ್ದಿದ್ದವು. ಅವನ್ನು ಒಂದು ದಪ್ಪ ಪುಸ್ತಕಕ್ಕೆ ನಕಲು ಮಾಡುತ್ತಿದ್ದೇನೆ. ದಿನಕ್ಕೆ ಹತ್ತು ಹೆಸರು. ಸಂಬಳವಿಲ್ಲ, ಧೂಳಿದೆ. ನಾಟಕದ ಸಂಜೆ ಅದನ್ನು ವೇದಿಕೆಯ ಮೇಲಿಡಬೇಕೆಂದು ಆಸೆ.

ನಾಚಿಕೆ ಎಂದಿರಿ. ಅದು ನನಗೆ ಅರ್ಥವಾಗಲಿಲ್ಲ ದೊಡ್ಡಮ್ಮ. ಐದು ವರ್ಷದ ಮಗು ಸತ್ತದ್ದರಲ್ಲಿ ನಾಚಿಕೆ ಏಕೆ?

ಯಾರ್ದೇನಾ


ರೋಮ್
14 ಫೆಬ್ರವರಿ 1996

ಯಾರ್ದೇನಾ,

ನಾನು ಏನೂ ಹೇಳುವುದಿಲ್ಲ ಎಂದಿದ್ದೆ, ಈಗಲೂ ಹೇಳುತ್ತಿಲ್ಲ. ಆದರೆ ಇಷ್ಟು ತಪ್ಪುಗಳನ್ನು ನೋಡಿಕೊಂಡು ಸುಮ್ಮನಿರಲು ನಾನು ಕಲ್ಲಲ್ಲ.

ಬಿಸೀಸಾ ಕಲೆಸಲು ಚಮಚ ಕೊಟ್ಟಿದ್ದೀಯ. ಯಾರ ಮನೆಯಲ್ಲಿ ಕಂಡೆ? ಹುರಿದ ಗೋಧಿ, ಜವೆಗೋಧಿ ಹಿಟ್ಟು ಬಟ್ಟಲಿನಲ್ಲಿ, ಅಮ್ಮ ಎಣ್ಣೆ ಹುಯ್ಯಬೇಕು, ಅಪ್ಪ ಮನೆಯ ಬೀಗದಕೈಯಿಂದ ಕಲೆಸಬೇಕು, ಬರುವ ವರ್ಷದ ಬಾಗಿಲು ತೆರೆಯಲಿ ಎಂದು ಬೇಡಿಕೊಳ್ಳಬೇಕು. ನಿನ್ನ ಮನೆಯಲ್ಲೂ ಪ್ರತಿ ವಸಂತದಲ್ಲಿ ಹಾಗೆಯೇ ಆಗಿರುತ್ತದೆ, ನೀನು ನೋಡದೆ ತಿಂದಿದ್ದೀಯ. ಆ ಕೊನೆಯ ವರ್ಷ ಅಪ್ಪ ಬೀಗದಕೈಯ ಎಣ್ಣೆ ಒರೆಸಿ ಖಲಾಫೋನ ಕೈಗೆ ಕೊಟ್ಟಿದ್ದರು. "ನಾವು ಎಲ್ಲಿಗೆ ಹೋದ್ರೂ ವಾಪಸ್ ಬಂದಾಗ ಬಾಗಿಲು ತೆಗಿಯೋನು ನೀನೇ ಕಣೋ, ಮನೇಲಿ ಚಿಕ್ಕೋನು" ಎಂದಿದ್ದರು. ಅವನು ಹಿಗ್ಗಿಹೋಗಿದ್ದ. ಅದನ್ನು ಬೇಕಾದರೆ ಹಾಕಿಕೋ.

ಲಾರಿ ಪ್ರಯಾಣ ಒಂದು ದಿನದ್ದಲ್ಲ, ಐದು ದಿನ. ಶಿಬಿರದಲ್ಲಿ ಕೋಣೆಗಳಿರಲಿಲ್ಲ, ಉದ್ದನೆಯ ಸೈನಿಕರ ಕೊಟ್ಟಿಗೆ. ಮನೆಗೂ ಮನೆಗೂ ನಡುವೆ ಹೊದಿಕೆ ನೇತುಹಾಕಿದ್ದೆವು. ಪಕ್ಕದವರು ಕೆಮ್ಮಿದರೆ ಹೊದಿಕೆ ಅಲ್ಲಾಡುತ್ತಿತ್ತು. ಗಂಡಸರು ಹಗಲೆಲ್ಲ ಒಂದು ಕಡೆಯ ಕಲ್ಲನ್ನು ಇನ್ನೊಂದು ಕಡೆಗೆ ಹೊರುತ್ತಿದ್ದರು. ಕಾವಲಿನವರು ಅವರನ್ನು ತಡಕಿ ನೋಡುತ್ತಿದ್ದರು, ಅದಕ್ಕೇ ಬೀಗದಕೈಯನ್ನು ಅಮ್ಮ ನಿನ್ನ ಅಮ್ಮನ ಸೊಂಟಕ್ಕೆ ದಾರದಲ್ಲಿ ಕಟ್ಟಿದ್ದು.

ರಿಬ್ಬನ್ ತೆಗೆಸು. ಹೇನಿಗೆ ಹೆದರಿ ಎಲ್ಲ ಹೆಣ್ಣುಮಕ್ಕಳ ತಲೆ ಬೋಳಿಸಿದ್ದರು. ರಿಬ್ಬನ್ನನ್ನು ಎಲ್ಲಿಗೆ ಕಟ್ಟಿಕೊಳ್ಳುತ್ತಾಳೆ ನಿನ್ನ ಗಜಾಲಾ, ಕಿವಿಗಾ?

ಖಲಾಫೋನ ಜ್ವರದ ದೃಶ್ಯದಲ್ಲಿ ವೈದ್ಯನನ್ನು ತಂದಿದ್ದೀಯ. ವೈದ್ಯ ಬರಲಿಲ್ಲ.

ಮೂರನೇ ದೃಶ್ಯ ಓದಿಲ್ಲ. ಕನ್ನಡಕ ರಿಪೇರಿಗೆ ಹೋಗಿದೆ.

ದಿಯಮಾಂತಿನಾ


ನೆತಾನ್ಯಾ
27 ಫೆಬ್ರವರಿ 1996

ದೊಡ್ಡಮ್ಮ, ನನ್ನ ಚಿನ್ನದಂಥ ದೊಡ್ಡಮ್ಮ,

ಏನೂ ಹೇಳುವುದಿಲ್ಲ ಎಂದು ಎರಡು ಪುಟ ಹೇಳಿದ್ದೀರಿ. ಹೀಗೆಯೇ ಹೇಳದೆ ಇರಿ.

ಎಲ್ಲ ತಿದ್ದಿದೆ. ನಿಮ್ಮ ಕಾಗದವನ್ನು ತಾಲೀಮಿನಲ್ಲಿ ಗಟ್ಟಿಯಾಗಿ ಓದಿದೆ. ರಿಬ್ಬನ್ನಿನ ಮಾತು ಬಂದಾಗ ಗಜಾಲಾ ಅಜ್ಜಿ ಎದ್ದು ನಿಂತು, ಅದನ್ನು ಬಿಚ್ಚಿ ಮಡಚಿ ಚೀಲದಲ್ಲಿಟ್ಟುಕೊಂಡರು. "ನಂಗೂ ನೆನಪಿತ್ತು ಕಣೇ. ಒಂದ್ಸಲಾನಾದ್ರೂ ಕೂದಲು ಇದ್ದಂಗೆ ಇರೋಣ ಅನ್ನಿಸ್ತು" ಎಂದರು. ಅವರೂ ಅಲ್ಲಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಆರು ವರ್ಷದಿಂದ ವಾರವಾರ ನನ್ನ ಮುಂದೆ ಕೂತು ಚಹಾ ಕುಡಿದಿದ್ದಾರೆ, ಒಂದು ಮಾತು ಆಡಿರಲಿಲ್ಲ. ಆ ದಿನ ತಾಲೀಮು ನಡೆಯಲಿಲ್ಲ, ಎಲ್ಲರೂ ಮಾತಾಡಿದರು.

ಮೂರನೇ ದೃಶ್ಯ ಮಾತ್ರ ಹೇಗಿತ್ತೋ ಹಾಗೆಯೇ ಇದೆ. ಕನ್ನಡಕ ಬಂದಿರಬೇಕು, ನಿಮ್ಮಿಂದ ತಿದ್ದುಪಡಿ ಬರಲಿಲ್ಲ, ಅಂದರೆ ಸರಿಯಿದೆ ಎಂದುಕೊಂಡಿದ್ದೇನೆ. ನೀವು ನೋಡಬೇಕು ದೊಡ್ಡಮ್ಮ. ಅಜ್ಜ ಗತ್ತಿನಿಂದ ಕೈ ಚಾಚುತ್ತಾರೆ, "ಮಿಸಾ, ತಾ." ಗಜಾಲಾ ಲಂಗ ಎತ್ತಿ ಸೊಂಟ ತಡಕುತ್ತಾರೆ, ಬರಿಯ ದಾರ. ಆ ಕಡೆ ತಿರುಗಿ ತಡಕುತ್ತಾರೆ, ಈ ಕಡೆ ತಿರುಗಿ ತಡಕುತ್ತಾರೆ. ಅಜ್ಜ ಒಂದು ಗಂಟೆ ಬಾಗಿಲ ಮುಂದೆ ನಿಂತು ಬೈಯುತ್ತಾರೆ, ಆಮೇಲೆ ನೋಡಿದರೆ ಮನೆಯ ಹಿಂದಿನ ಗೋಡೆ ಬಾಂಬಿಗೆ ಬಿದ್ದುಹೋಗಿದೆ, ಛಾವಣಿಯೂ ಇಲ್ಲ, ಯಾರು ಬೇಕಾದರೂ ನಡೆದುಕೊಂಡು ಒಳಗೆ ಹೋಗಬಹುದು. ನಿಸ್ಸೀಮ್ ತಾತ ತಾವಾಗಿಯೇ ಒಂದು ಕಪಾಳಮೋಕ್ಷ ಸೇರಿಸಿದ್ದಾರೆ. ಕೈ ತಾಗುವುದಿಲ್ಲ, ಸದ್ದು ಮಾತ್ರ ಚಟಾರೆಂದು ಬರುತ್ತದೆ. ಮೊನ್ನೆ ನೋಡಲು ಬಂದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಅಮ್ಮನೂ ಈ ಕಥೆ ಬಂದಾಗ ಎಲ್ಲರ ಜೊತೆ ನಗುತ್ತಿದ್ದಳು. ಒಂದು ವಿಚಿತ್ರ ಮಾತ್ರ ಇತ್ತು, ನೀವು ಚಮಚದ ತಪ್ಪು ತೋರಿಸಿದ ಮೇಲೆ ನೆನಪಾಯಿತು. ಬಿಸೀಸಾ ಸಂಜೆ ಅಪ್ಪ ಬಟ್ಟಲಿಗೆ ಬೀಗದಕೈ ಇಡುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ಹೋಗಿಬಿಡುತ್ತಿದ್ದಳು. ಕಳೆದುಕೊಂಡ ಮನೆಯ ನೆನಪಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು.

ನಿಮ್ಮ
ಯಾರ್ದೇನಾ


[ಪೋಸ್ಟ್‌ಕಾರ್ಡ್]
ರೋಮ್, 8 ಮಾರ್ಚ್

ಯಾರ್ದೇನಾ, ಮೂರನೇ ದೃಶ್ಯ ತೆಗೆದುಹಾಕು. ಪೂರ್ತಿ. ಕಾರಣ ಕೇಳಬೇಡ. ದಿ.


ನೆತಾನ್ಯಾ
15 ಮಾರ್ಚ್ 1996

ದೊಡ್ಡಮ್ಮನಿಗೆ,

ಒಂದು ತಿಂಗಳು ಉಳಿದಿದೆ, ನೀವು ಪೋಸ್ಟ್‌ಕಾರ್ಡಿನಲ್ಲಿ ಅಪ್ಪಣೆ ಕಳಿಸುತ್ತೀರಿ. ತೆಗೆಯುವುದಿಲ್ಲ. ಅಮ್ಮ ನನಗೆ ಬಾಯಿಂದ ಕೊಟ್ಟ ಒಂದೇ ಒಂದು ಕಥೆ ಅದು. ಅದನ್ನೂ ತೆಗೆದರೆ ನನ್ನ ನಾಟಕದಲ್ಲಿ ಅಮ್ಮನೇ ಇರುವುದಿಲ್ಲ.

ನಿಮ್ಮ ತೊಂದರೆ ಏನೆಂದು ನನಗೆ ಗೊತ್ತಾಗಿದೆ. ಗೋಡೆ ಬಿದ್ದ ಮನೆ, ಬೋಳು ತಲೆ, ಲಂಗ ಎತ್ತಿ ತಡಕುವ ಹುಡುಗಿ, ಇದನ್ನು ನಾಲ್ಕು ಜನರ ಮುಂದೆ ನಿಮ್ಮ ಮನೆತನದ್ದು ಎಂದು ತೋರಿಸಲು ನಿಮಗೆ ಇಷ್ಟವಿಲ್ಲ. ರೋಮಿನಲ್ಲಿ ಮೂವತ್ತು ವರ್ಷ ಇದ್ದು ನೀವು ಅಲ್ಲಿನವರ ದುಃಖದ ಚೀಲ ಹೊರುತ್ತೀರಿ, ನಮ್ಮದು ನಿಮಗೆ ಸಣ್ಣದಾಗಿ ಕಾಣುತ್ತದೆ. ಹಿಲಾಳ ಟೀಚರ್ ಹೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಏನು ವ್ಯತ್ಯಾಸ?

ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಅಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಇದ್ದಳು. "ಅಕ್ಕ ಬರ್ತಾಳಾ?" ಎಂದು ಕೇಳುತ್ತಿದ್ದಳು. ನೀವು ಹಣ್ಣಿನ ಬುಟ್ಟಿ ಕಳಿಸಿದಿರಿ. ಮಣ್ಣಿಗೂ ಬರಲಿಲ್ಲ. ನಾನು ಕಾರಣ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಆದರೆ ಅಮ್ಮನ ಬಗ್ಗೆ ಏನಿರಬೇಕು, ಏನಿರಬಾರದು ಎಂದು ಹೇಳುವ ಅಧಿಕಾರ ನಿಮಗಿಲ್ಲ.

ಯಾರ್ದೇನಾ


ರೋಮ್
25 ಮಾರ್ಚ್ 1996

ಮಗಳೇ ಯಾರ್ದೇನಾ,

ನಿನ್ನ ಕಾಗದ ಬಿಸೀಸಾ ಸಂಜೆಯ ಹಿಂದಿನ ದಿನ ಬಂತು. ನೀನು ಬರೆದದ್ದರಲ್ಲಿ ಕಾರಣ ತಪ್ಪು, ಬೈಗುಳ ಸರಿ.

ಮಾರನೆಯ ಸಂಜೆ ಎಲ್ವೀರಾ ಬಂದಿದ್ದಳು. ಪ್ರತಿ ವರ್ಷ ಬಂದು ಒಂದು ಚಿಟಿಕೆ ತಿಂದು, "ಇದು ಮರಳಿನ ಥರ ಇದೆ" ಎಂದು ಮುಖ ಸಿಂಡರಿಸುತ್ತಾಳೆ. ನಾನು ಬೆರಳಲ್ಲಿ ಕಲೆಸುವುದನ್ನು ನೋಡಿ, "ನಿಮ್ಮಲ್ಲಿ ಬೀಗದಕೈ ಹಾಕ್ತಾರೆ ಅಂತ ನಿಮ್ಮ ಲಿಬಿಯಾ ಕಡೆಯ ಅಂಗಡಿಯವಳು ಹೇಳಿದ್ಲು. ನೀನ್ಯಾಕೆ ಹಾಕಲ್ಲ?" ಎಂದಳು. ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳಿಗೆ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಈಗ ನಿನಗೆ ಬರೆಯುತ್ತೇನೆ.

ನಿನ್ನ ಅಮ್ಮ ಬೀಗದಕೈ ಕಳೆಯಲಿಲ್ಲ. ನಾನು ತೆಗೆದೆ.

ಖಲಾಫೋ ಹದಿನೇಳು ದಿನ ಜ್ವರದಲ್ಲಿದ್ದ. ದಿನವೂ ಮಿಸಾಳ ಸೊಂಟಕ್ಕೆ ಕೈ ಹಾಕಿ ಬೀಗದಕೈ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಕೊನೆಗೆ ಅವನಿಗೆ ನಮ್ಮ ಗುರುತೂ ಸಿಗುತ್ತಿರಲಿಲ್ಲ, ಆದರೂ "ನನ್ನ ಬಿಟ್ಟು ಬಾಗಿಲು ತೆಗೀಬೇಡಿ" ಎನ್ನುತ್ತಿದ್ದ. ನಾನು "ಇಲ್ಲ ಕಣೋ, ತೆಗಿಯಲ್ಲ" ಎಂದು ಮಾತು ಕೊಟ್ಟಿದ್ದೆ. ಬೆಳಗಿನ ಜಾವ ಹೋದ. ಅಪ್ಪ ಗುಂಡಿ ತೋಡಲು ಗುಡ್ಡಕ್ಕೆ ಹೋದರು. ಅಮ್ಮ ನೀರಿಗೆಂದು ಹೊರಗೆ ನಿಂತಿದ್ದಳು. ಮಿಸಾ ಅತ್ತು ಅತ್ತು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಬಾಗಿಲಿನಿಂದ ಬಿಸಿಲು ಬಿದ್ದಿತ್ತು. ನಾನು ದಾರದ ಗಂಟು ಬಿಚ್ಚಿ ಬೀಗದಕೈ ತೆಗೆದು, ದಾರವನ್ನು ಮತ್ತೆ ಕಟ್ಟಿ, ಖಲಾಫೋನನ್ನು ಸುತ್ತಿದ್ದ ಬಟ್ಟೆಯ ಮಡಿಕೆಯೊಳಗೆ, ಅವನ ಬಲಗೈಯ ಹತ್ತಿರ ಇಟ್ಟೆ.

ಸತ್ತವರ ಜೊತೆ ಏನನ್ನೂ ಹೂಳಬಾರದು ಎಂದು ನಿನಗೆ ಗೊತ್ತು. ನನಗೂ ಗೊತ್ತಿತ್ತು. ಬರಿಯ ಬಿಳಿ ಬಟ್ಟೆ, ಇನ್ನೇನಿಲ್ಲ, ಅರಸನಾದರೂ ಅಷ್ಟೇ. ಅದನ್ನು ಮೀರಿದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ: ನಮಗಿಂತ ಮೊದಲೇ ಇವನು ಮನೆ ಸೇರಿಬಿಟ್ಟರೆ ಬಾಗಿಲ ಹೊರಗೆ ನಿಂತಿರಬಾರದು. ಹದಿನಾಲ್ಕು ವರ್ಷದವಳ ಬುದ್ಧಿ.

ಆಮೇಲೆ ಬೆಂಗಾಜಿ. ನಿನ್ನ ನಾಟಕದಲ್ಲಿ ಅಪ್ಪ ಒಂದು ಗಂಟೆ ಬೈಯುತ್ತಾರೆ. ಬೈಯಲಿಲ್ಲ. ಒಂದೇ ಮಾತು ಕೇಳಿದರು, "ಎಲ್ಲೇ?" ಮಿಸಾ ತಡಕಿದಳು. "ಕಳೆದ್ಹೋಯ್ತು ಬಾಬಾ" ಎಂದಳು. ಅಪ್ಪ ಹೊಡೆದರು. ನಿಸ್ಸೀಮ್ ಸುಮ್ಮನೆ ಸೇರಿಸಿದ್ದು ನಿಜವಾಗಿ ಆಗಿತ್ತು. ಅಪ್ಪ ಅವರ ಜನ್ಮದಲ್ಲಿ ನಮ್ಮ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಬಾಗಿಲು ಮುಚ್ಚಿದ್ದಕ್ಕಲ್ಲ, ನನಗೆ ಆಗಲೇ ತಿಳಿಯಿತು. ಮಗನನ್ನು ಗುಡ್ಡದ ಮೇಲೆ ಬಿಟ್ಟು ಬಂದದ್ದಕ್ಕೆ ಯಾರನ್ನಾದರೂ ಹೊಡೆಯಬೇಕಿತ್ತು. ಅವಳ ಮೂಗಿನಿಂದ ರಕ್ತ ಬಂತು. ನಾನು ಅವಳ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತಿದ್ದೆ. ಬಾಯಿ ಬರಲಿಲ್ಲ. ಮೊದಲು ಏಟಿನ ಹೆದರಿಕೆ. ಆಮೇಲೆ, ಹೆಣದ ಬಟ್ಟೆಗೆ ಕಬ್ಬಿಣ ಇಟ್ಟದ್ದು ಗೊತ್ತಾದರೆ ಅಮ್ಮ ಎದೆಯೊಡೆದು ಸಾಯುತ್ತಾಳೆ ಎಂಬ ಹೆದರಿಕೆ. ಆಮೇಲೆ ಎಲ್ಲರೂ ಅದನ್ನು ತಮಾಷೆ ಮಾಡಿಕೊಂಡರು, ತಮಾಷೆಯನ್ನು ನಿಲ್ಲಿಸಿ ಹೇಳಲು ಇನ್ನೂ ಹೆಚ್ಚು ಧೈರ್ಯ ಬೇಕಾಯಿತು. ಅಪ್ಪ ಅಮ್ಮ ಹೋದ ಮೇಲೆ ಹೆದರಿಕೆಗೆ ಕಾರಣವೇ ಉಳಿಯಲಿಲ್ಲ. ಆಗಲೂ ಹೇಳಲಿಲ್ಲ.

ಆಸ್ಪತ್ರೆಗೆ ಬರಲು ಎರಡು ಸಲ ಟಿಕೆಟ್ ಮಾಡಿಸಿದೆ, ಎರಡು ಸಲ ರದ್ದು ಮಾಡಿದೆ. ಅವಳ ಮುಖ ನೋಡಿದರೆ ಹೇಳಲೇಬೇಕಾಗುತ್ತಿತ್ತು. ಹೇಳಿದ್ದರೆ, ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಕೇಳುತ್ತಿದ್ದಳು. ಹಣ್ಣು ಕಳಿಸಿದೆ.

ತಾನೇ ಮನೆಯ ಬೀಗದಕೈ ಕಳೆದವಳು ಎಂದುಕೊಂಡೇ ನನ್ನ ತಂಗಿ ಸತ್ತಳು. ಇದಕ್ಕೆ ಕ್ಷಮೆ ಯಾರಲ್ಲಿ ಕೇಳಲಿ? ನಿನ್ನಲ್ಲಿ ಕೇಳುತ್ತಿದ್ದೇನೆ, ಬೇರೆ ವಿಳಾಸ ಇಲ್ಲ. ಅವಳನ್ನು ನೋಡಿ ಜನ ಇನ್ನೊಮ್ಮೆ ನಗುವುದು ಬೇಡ.

ಎಲ್ವೀರಾ ಎಲ್ಲ ಕೇಳಿಸಿಕೊಂಡಳು. ನನ್ನದೆಲ್ಲ ಸಣ್ಣದು ಎನ್ನುತ್ತಾಳೆ ಎಂದುಕೊಂಡೆ. "ಹತ್ತು ವರ್ಷ ನನ್ನ ಚೀಲ ಹೊತ್ತೆಯಲ್ಲೇ, ಒಂದು ಸಲನಾದ್ರೂ ನನ್ನ ಕೈಗೆ ನಿಂದು ಕೊಡಬಾರದಿತ್ತಾ?" ಎಂದಳು.

ದಿಯಮಾಂತಿನಾ


ನೆತಾನ್ಯಾ
26 ಮಾರ್ಚ್ 1996

ಪ್ರೀತಿಯ ದೊಡ್ಡಮ್ಮ,

ನನ್ನ ಹೋದ ಕಾಗದಕ್ಕೆ ನಿಮ್ಮಿಂದ ಉತ್ತರ ಬಂದಿಲ್ಲ, ಬರದಿದ್ದರೂ ತಪ್ಪಿಲ್ಲ. ನಾಲಗೆಗೆ ಮೂಳೆಯಿಲ್ಲದವಳಂತೆ ಬರೆದೆ. ಕ್ಷಮಿಸಿ.

ಇವತ್ತು ಹೆಸರಿನ ಪುಸ್ತಕದ ಕೆಲಸದಲ್ಲಿ ಕೊನೆಯ ಡಬ್ಬ ತೆರೆದೆ. ನಾಲ್ಕನೆಯ ಹಾಳೆ ನಮ್ಮ ಅಮ್ಮನ ಅಕ್ಷರ, ಸಾಲು ಮೇಲಕ್ಕೆ ಹತ್ತಿಕೊಂಡು ಹೋಗಿದೆ. ಅಮ್ಮನೂ ಒಂದು ಹಾಳೆ ತುಂಬಿ ಕೊಟ್ಟಿದ್ದಳೆಂದು ನನಗೆ ಗೊತ್ತಿರಲಿಲ್ಲ. 1978ರದ್ದು. ನಾನು ಆಗ ಸೈನ್ಯದ ಸೇವೆಯಲ್ಲಿದ್ದೆ, ಮನೆಯಲ್ಲಿರಲಿಲ್ಲ.

ಹೆಸರು: ಖಲಾಫೋ. ವಯಸ್ಸು: ಐದು. ಊರು: ಬೆಂಗಾಜಿ. ಸತ್ತ ಜಾಗ: ಜಾದೋ. ಸತ್ತ ದಿನ: ಗೊತ್ತಿಲ್ಲ, ಚಳಿಗಾಲ. ಎಲ್ಲ ಎಲ್ಲರ ಹಾಳೆಯಂತೆಯೇ. ಕೊನೆಯಲ್ಲಿ ಒಂದು ಪ್ರಶ್ನೆಯಿದೆ: ಎಂದಾದರೂ ಆ ಗುಡ್ಡಕ್ಕೆ ಹೋಗಲು ಸಾಧ್ಯವಾದರೆ ಸಮಾಧಿ ಗುರುತಿಸಲು ಏನಾದರೂ ಇದೆಯೇ? ಎಲ್ಲರೂ "ಇಲ್ಲ" ಎಂದು ಬರೆದಿದ್ದಾರೆ. ಅಮ್ಮ ಬರೆದದ್ದನ್ನು ಇದ್ದಂತೆಯೇ ನಕಲು ಮಾಡುತ್ತೇನೆ:

"ಬಟ್ಟೆಯೊಳಗೆ, ಬಲಗೈಯ ಹತ್ತಿರ, ನಮ್ಮ ಮನೆಯ ಕಬ್ಬಿಣದ ಬೀಗದಕೈ ಇದೆ. ಅಕ್ಕ ಇಟ್ಟಳು. ಒಳ್ಳೆಯದೇ ಮಾಡಿದಳು. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ದಯವಿಟ್ಟು ಅವಳಿಗೆ ಹೇಳಬೇಡಿ, ನಾಚಿಕೊಳ್ಳುತ್ತಾಳೆ."

ದೊಡ್ಡಮ್ಮ, ಇದನ್ನು ಹತ್ತು ಸಲ ಓದಿದೆ. ನನಗೆ ಅರ್ಥವಾಗುತ್ತಿಲ್ಲ. ಅಮ್ಮ ಕಳೆದಿರಲಿಲ್ಲವೇ? ಹಾಗಾದರೆ ಎಲ್ಲರೂ ನಕ್ಕಾಗ ಅಷ್ಟು ವರ್ಷ ಅವಳು ಏಕೆ ಸುಮ್ಮನೆ ನಕ್ಕಳು? ನಿಮಗೆ ಹೇಳಬೇಡಿ ಎಂದು ಬರೆದಿದ್ದಾಳೆ, ನಾನು ಹೇಳಿಬಿಟ್ಟೆ. ಬೇರೆ ಯಾರನ್ನು ಕೇಳಲಿ?

ಯಾರ್ದೇನಾ


ರೋಮ್
2 ಏಪ್ರಿಲ್ 1996

ಮಗಳೇ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ನನ್ನದು ನಿನಗೆ ಅಷ್ಟರಲ್ಲಿ ತಲುಪಿರಬೇಕು. ಎರಡೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ.

ಹಬ್ಬಕ್ಕೆ ಮನೆ ತೊಳೆಯುತ್ತಿದ್ದೆ. ಕುರ್ಚಿಯ ಮೇಲೆ ಹತ್ತಿ ನಿಂತವಳು ಹಾಗೇ ಓದಿದೆ, ಇಳಿಯಲಾಗಲಿಲ್ಲ. ಎಲ್ವೀರಾ ಬಂದು ಇಳಿಸಿದಳು. ಆಮೇಲೆ ಅತ್ತೆ. ಐವತ್ತಮೂರು ವರ್ಷದ್ದು ಒಟ್ಟಿಗೆ ಬಂತು, ಕೆಳಗಿನ ಮನೆಯವರು ಬಾಗಿಲು ತಟ್ಟಿ ಏನಾಯಿತೆಂದು ಕೇಳಿದರು. ಮಿಸಾಗೆ ಗೊತ್ತಿತ್ತು. ಏಟು ಬೀಳುವಾಗಲೂ ಗೊತ್ತಿತ್ತು. ಒಂಬತ್ತು ವರ್ಷದ ಬೋಳುತಲೆಯ ಹುಡುಗಿ ನನ್ನ ಪಕ್ಕದಲ್ಲಿ ನಿಂತು, ಸುಮ್ಮನೆ ದಾರ ತಡಕಿ, "ಕಳೆದ್ಹೋಯ್ತು ಬಾಬಾ" ಎಂದಳು. ನನ್ನನ್ನು ನೋಡಲೂ ಇಲ್ಲ, ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ ಎಂದು. ನಾನು ಅವಳ ಅಕ್ಕ ಎಂದುಕೊಂಡಿದ್ದೆ. ಅಕ್ಕನ ಕೆಲಸವನ್ನು ಅವಳು ಮಾಡಿದಳು.

ಮೂರನೇ ದೃಶ್ಯ ತೆಗೆಯಬೇಡ. ಗೋಡೆ ಬಿದ್ದದ್ದು ಇರಲಿ, ಛಾವಣಿ ಇಲ್ಲದ್ದು ಇರಲಿ, ಜನ ನಗುವಲ್ಲಿ ನಗಲಿ. ಮಿಸಾಗೂ ಅದು ಇಷ್ಟವಾಗುತ್ತಿತ್ತು. ಒಂದೇ ಒಂದು ತಿದ್ದುಪಡಿ. ಆ ಬಾಗಿಲ ಮುಂದೆ ಮೂವರೇ ಅಲ್ಲ, ಇನ್ನೂ ಒಬ್ಬಳು ನಿಂತಿದ್ದಳು. ನಿನ್ನ ನಾಟಕದಲ್ಲಿ ಅವಳಿಲ್ಲ. ನಟಿ ಇಲ್ಲ ಎಂದಿದ್ದೆಯಲ್ಲ, ನಟಿ ಹನ್ನೆರಡನೆಯ ತಾರೀಕು ಶುಕ್ರವಾರ ಬೆಳಿಗ್ಗೆಯ ವಿಮಾನಕ್ಕೆ ಬರುತ್ತಾಳೆ. ಈ ಟಿಕೆಟನ್ನು ಎಲ್ವೀರಾ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ, ನನ್ನ ಕೈಗೆ ಕೊಡುತ್ತಿಲ್ಲ. ಅವಳೂ ಬರುತ್ತಾಳೆ, ಮಂಡಿನೋವು ಇಟ್ಟುಕೊಂಡೇ. ಈ ಸಲ ಚೀಲ ತಾನು ಹಿಡಿಯುತ್ತಾಳಂತೆ.

ಹಿಲಾಳ ಟೀಚರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಡು. ಬೈಯಲು ಅಲ್ಲ, ನೋಡಲು.

ನಿಸ್ಸೀಮ್‌ಗೆ ಹೇಳು, ಕೈ ಎತ್ತಬೇಕು, ಆದರೆ ಇಳಿಸುವ ಮೊದಲು ಸ್ವಲ್ಪ ತಡೆಯಬೇಕು. ನಾನು ಮುದುಕಿ, ಗಜಾಲಾಳ ಮುಂದೆ ಬಂದು ನಿಲ್ಲಲು ಎರಡು ಹೆಜ್ಜೆಯ ಹೊತ್ತು ಬೇಕು. ನನ್ನ ಮಾತು ಚಿಕ್ಕದು, ಬಾಯಿಪಾಠ ಆಗಿದೆ, ನೀನು ಬರೆಯುವುದು ಬೇಡ:

"ಅವಳನ್ನ ಹೊಡೀಬೇಡಿ ಬಾಬಾ. ನಾನು ತಗೊಂಡೆ. ತಮ್ಮನಿಗೆ ಕೊಟ್ಟೆ."

ನಿನ್ನ ದೊಡ್ಡಮ್ಮ
ದಿಯಮಾಂತಿನಾ